ಮಾಲೀಕರ ಉತ್ತರ

ಅಕ್ಟೋಬರ್ 27, ಸೋಮವಾರ

ಕಿರೀಟಗಳನ್ನು ಬಿಸಿಲಿಗಿಟ್ಟೆ. ಬಿಸಿಲೆಲ್ಲಿ ಬಂತು, ಹೊಗೆ. ದೆಹಲಿಯ ಈ ಮುನಿರ್ಕಾದ ಆಕಾಶ ಬೂದಿ ಬಳಿದುಕೊಂಡು ಕೂತಿದೆ. ಭೀಮನ ಗದೆಗೆ ಬೆಳ್ಳಿ ಬಣ್ಣ ಬಾಕಿ. ಶಾಲೆಗಳ ಆನ್ಯುವಲ್ ಡೇ ತಲೆಯ ಮೇಲೆ. ಅದರ ಬೆನ್ನಿಗೇ ಮದುವೆಗಳು.

ಸಾಕೇತ್ ಬಂದಿದ್ದ, ಗ್ರೇಟರ್ ನೋಯ್ಡಾದಿಂದ, ಲ್ಯಾಪ್‌ಟಾಪ್ ಹೊತ್ತು. ನಮ್ಮ ವೇಷಭೂಷಣದ ಬಾಡಿಗೆ ಅಂಗಡಿ ‘ರಂಗಸಜ್ಜು’ಗೆ ವೆಬ್‌ಸೈಟ್ ಮಾಡಿದವನು. ತೆರೆದು ತೋರಿಸಿದ. ‘ಮುಂಚೂಣಿಯ ಎಥ್ನಿಕ್ ಸೊಲ್ಯೂಷನ್ಸ್’ ಅಂತೆ! ಕಂಪನಿ ನಾಟಕದ ಡೇರೆಯಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಲೋಹಿತಾಶ್ವನಾಗಿ ಹಾವು ಕಚ್ಚಿಸಿಕೊಂಡು ಊರೂರನ್ನೇ ಅಳಿಸಿದವನು ನಾನು. ಈಗ ಸೊಲ್ಯೂಷನ್!

ಕೊಡವ ಸೀರೆ ಅಂತ ಬರೆದು ಯಾರೋ ಹೆಂಗಸಿನ ಫೋಟೋ ಹಾಕಿದ್ದಾನೆ. ಹಿಂದೆ ಬರಬೇಕಾದ ನೆರಿಗೆ ಮುಂದೆ! ದೇಚಮ್ಮ ಬಗ್ಗಿ ನೋಡಿ ನಕ್ಕರು. “ಶೇಖರಣ್ಣ, ಈಕೆ ಹಿಂದುಮುಂದಾಗಿ ಉಟ್ಟಿದ್ದಾಳೆ.” ದೆಹಲಿಯ ಕೊಡಗಿನ ಫೌಜಿ ಮನೆಗಳಲ್ಲಿ ವಧುವಿಗೆ ಸೀರೆ ಉಡಿಸುವುದು ಇವರೇ. ಅಂಗಡಿ ಶುರುವಾದ ದಿನದಿಂದ ನನ್ನ ಜೊತೆಗಿದ್ದಾರೆ. ಆ ಫೋಟೋ ಬದಲಿಸು ಅಂದೆ. “ಅಂಕಲ್, ಸ್ಟಾಕ್ ಇಮೇಜ್ ಅದು, ಯಾರು ನೋಡ್ತಾರೆ” ಅಂದ.

ನೆಟ್‌ನಲ್ಲಿ ಹುಡುಕಿದರೆ ನಾವು ಮೂರನೇ ಪೇಜಿನಲ್ಲಿದ್ದೇವಂತೆ. ಅಲ್ಲಿಯವರೆಗೆ ಯಾರೂ ಬರುವುದಿಲ್ಲವಂತೆ. ಮೇಲೇರಬೇಕಾದರೆ ಬಂದ ರಿವ್ಯೂಗಳಿಗೆಲ್ಲ ಮಾಲೀಕರ ಉತ್ತರ ಇರಬೇಕು, ಕೂಡಲೇ. ಬೈದರೂ, ಹೊಗಳಿದರೂ. ಅಷ್ಟಕ್ಕೆಲ್ಲ ಯಾರಿಗೆ ಪುರುಸೊತ್ತು?

“ನನ್ನ ಪರವಾಗಿ ನೀನೇ ಮಾತನಾಡು!” ಎಂದೆ. ರಾಜಮುದ್ರೆ ಒತ್ತುವ ಠೀವಿಯಲ್ಲಿ ಅವನು ಚಾಚಿದ ಫೋನಿನ ‘ಒಪ್ಪಿಗೆ’ಯ ಮೇಲೆ ಬೆರಳೊತ್ತಿದೆ.

“ಆಟೋಮ್ಯಾಟಿಕ್ ಆಗುತ್ತೆ ಅಂಕಲ್. ಚಲೋ, ಟೆನ್ಷನ್ ಖತಂ.”

ಅಪ್ಪ ನೆನಪಾದರು. ಮುಂದಿನ ಕುರ್ಚಿಯವರಿಗೆ ಹೇಗೂ ಕೇಳುತ್ತೆ ಕಣೋ, ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೆ ಕೇಳಿಸು, ಅನ್ನುತ್ತಿದ್ದರು. ಇಲ್ಲಿ ಮೊದಲ ಪೇಜಿನದೇ ಮಾತು.

ನವೆಂಬರ್ 9, ಭಾನುವಾರ

ನಿನ್ನೆ ರಿಟೈರ್ಡ್ ಕರ್ನಲ್ ಚಂಗಪ್ಪನವರ ಮಗಳ ಮದುವೆ. ದೇಚಮ್ಮ ಹೋಗಿ ಉಡಿಸಿ ಬಂದರು. ಹುಡುಗಿ ಗೊಂಬೆ ಹಾಗೆ ಕಾಣುತ್ತಿದ್ದಳಂತೆ.

ಇವತ್ತು ಮಿಸೆಸ್ ಚಂಗಪ್ಪನವರ ಫೋನು. ಕೊಕ್ಕೆತಾತಿ ಕಾಣುತ್ತಿಲ್ಲ. ಅರ್ಧಚಂದ್ರದ ಪದಕದ ಸರ, ಅವರ ಅತ್ತೆಯದು. “ರೂಮಲ್ಲಿ ಒಬ್ಬಳೇ ಇದ್ದವಳು ನಿಮ್ಮ ಹೆಂಗಸು. ನಾನೇನೂ ಹೇಳ್ತಿಲ್ಲಪ್ಪ. ನೀವೇ ಯೋಚನೆ ಮಾಡಿ.”

ಏನೂ ಹೇಳ್ತಿಲ್ಲವಂತೆ! ಗುಡುಗಿದೆ. ಎದುರು ಅಂಗಡಿಯ ಚಾಯ್‌ವಾಲಾ ಭಯ್ಯಾ ಕೆಟಲ್ ಹಿಡಿದು ಓಡಿಬಂದ, ಯಾರಿಗೋ ಏನೋ ಆಯಿತೆಂದು.

ದೇಚಮ್ಮ ಮಾತ್ರ ಪಿನ್ನು ಜೋಡಿಸುತ್ತಲೇ ಇದ್ದರು. “ಸೂಟ್‌ಕೇಸ್ ಎಲ್ಲಾ ಸರಿಯಾಗಿ ನೋಡೋಕೆ ಹೇಳಿ, ಶೇಖರಣ್ಣ. ಮದುವೆ ಮನೆ.”

ನವೆಂಬರ್ 13

ಜಯಭೇರಿ! ಮೊದಲ ಪೇಜು, ಮೊದಲ ಹೆಸರು! ಸಾಕೇತ್ ಮೆಸೇಜು: “ಅಂಕಲ್, ನಂಬರ್ ಒನ್!” ಜೊತೆಗೆ ಪಟಾಕಿಯ ಚಿತ್ರ. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಅಂಗಡಿಗಳ ಇಡೀ ಸಾಲಿಗೆ ಮೈಸೂರುಪಾಕು ಹಂಚಿದೆ. ದೇಚಮ್ಮ ರಜೆ, ಅವರ ಪಾಲು ಎತ್ತಿಟ್ಟಿದ್ದೇನೆ.

ನವೆಂಬರ್ 15, ಶನಿವಾರ

ಇದನ್ನೂ ಬರೆದಿಡುತ್ತೇನೆ.

ದೇಚಮ್ಮ ಬಂದರು. ಕೂರಲಿಲ್ಲ. ಪಿನ್ನಿನ ಡಬ್ಬಿ ಮೇಜಿನ ಮೇಲಿಟ್ಟರು.

“ನನ್ನನ್ನ ತೆಗೆದುಹಾಕಿದ್ದೀರಂತೆ. ನನಗೊಂದು ಮಾತು ಹೇಳಬಹುದಿತ್ತು.”

ಏನು, ಯಾರು, ಯಾವಾಗ ಎಂದು ಎದ್ದುನಿಂತೆ. ಫೋನು ಚಾಚಿದರು. ರಿವ್ಯೂ. ಒಂದು ಸ್ಟಾರು. ಬರೆದವರು ಮಿಸೆಸ್ ಚಂಗಪ್ಪ. ಸೀರೆ ಉಡಿಸಲು ಬಂದ ದೇಚಮ್ಮ ಎಂಬಾಕೆ ಬಂದುಹೋದ ಮೇಲೆ ಮನೆತನದ ಒಡವೆ ಮಾಯ, ಎಚ್ಚರ — ಅಂತ. ಹೆಸರು ಸಮೇತ! ಅದರ ಕೆಳಗೆ ‘ಮಾಲೀಕರ ಉತ್ತರ’. ಚೆಂದದ ಇಂಗ್ಲಿಷು. ಕನ್ನಡದಲ್ಲಿ ಹೇಳಿದರೆ ಇಷ್ಟು: ನಿಮಗಾದ ಕಹಿ ಅನುಭವಕ್ಕೆ ಹೃತ್ಪೂರ್ವಕ ಕ್ಷಮೆ. ಸಂಬಂಧಪಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ನಿಮ್ಮ ಮುಂದಿನ ಭೇಟಿಗಾಗಿ ಕಾಯುತ್ತಿದ್ದೇವೆ. — ಇಂದುಶೇಖರ, ಮಾಲೀಕರು.

ಇಂದುಶೇಖರ! ನಾನು!

ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡಬೇಕಾದವನು ನನ್ನ ಮೀಸೆ ಅಂಟಿಸಿಕೊಂಡು ರಂಗದ ಮಧ್ಯಕ್ಕೆ ಬಂದ. ನನ್ನ ದನಿಯಲ್ಲಿ, ನಿರಪರಾಧಿಯೊಬ್ಬಳನ್ನು ಕಳ್ಳಿ ಎಂದು ಒಪ್ಪಿಕೊಂಡು ಹೋದ. ಆ ಹೊತ್ತಿಗೆ ನಾನು ಮೈಸೂರುಪಾಕು ಹಂಚುತ್ತಿದ್ದೆ.

“ಇದು ನಾನು ಬರೆದದ್ದಲ್ಲ, ದೇಚಮ್ಮ!”

“ಕೆಳಗೆ ನಿಮ್ಮ ಹೆಸರಿದೆ.” ಕಿರುಚಲಿಲ್ಲ, ಅಳಲಿಲ್ಲ. “ಆರ್.ಕೆ. ಪುರಂ ಮಾರ್ಕೆಟ್ಟಲ್ಲಿ ಒಬ್ಬರು ನನ್ನ ನೋಡಿ ಪರ್ಸು ಆ ಕೈಯಿಂದ ಈ ಕೈಗೆ ತಗೊಂಡ್ರು.”

ಹೋದರು. ಡಬ್ಬಿ ಇಲ್ಲೇ ಇದೆ.

ಅದೇ ದಿನ, ಸಂಜೆ

ಸಾಕೇತ್‌ಗೆ ಫೋನು. “ಎಲವೋ!” ಎಂದು ಶುರು ಮಾಡಿದೆ. ಮಗಳು ಅಪೂರ್ವ ಪಕ್ಕದಲ್ಲಿ, “ಅಪ್ಪಾ, ಶೌಟ್ ಮಾಡ್ಬೇಡಿ, ವೋ ಫೋನ್ ಕಾಟ್ ದೇಗಾ.”

“ಅಂಕಲ್, ಟೆಂಪ್ಲೇಟ್ ಅದು. ಕಂಪ್ಲೇಂಟಲ್ಲಿ ಸ್ಟಾಫ್ ಹೆಸರು ಬಂದ್ರೆ ಆ ಉತ್ತರ ತಾನಾಗೇ ಹೋಗುತ್ತೆ. ರೆಸ್ಟೋರೆಂಟ್, ಸಲೂನ್, ಎಲ್ಲರಿಗೂ ಸೇಮ್.”

“ಹಾಗಾದರೆ ದೆಹಲಿಯಲ್ಲಿ ದಿನಾ ಎಷ್ಟು ಜನರನ್ನು ಕೆಲಸದಿಂದ ತೆಗೆಯುತ್ತೀಯಪ್ಪಾ ನೀನು?”

“ಯಾರನ್ನೂ ನಿಜವಾಗಿ ತೆಗೆಯಲ್ಲ ಅಂಕಲ್! ಹಾಗಂತ ಬರೀತೀವಿ ಅಷ್ಟೇ. ಕಸ್ಟಮರ್ ಕೂಲ್ ಆಗ್ತಾರೆ. ನೋಡಿ, ನಂಬರ್ ಒನ್ ಬಂದ್ರಿ.”

ಅಳಿಸು ಎಂದೆ. ಅದಕ್ಕೆ ಕಂಪನಿಗೆ ‘ಟಿಕೆಟ್’ ಅಂತ ದೂರು ಹಾಕಬೇಕಂತೆ. ನನ್ನ ಅಂಗಡಿ, ನನ್ನ ಹೆಸರು, ನನ್ನ ಬಾಯಿ. ಬೀಗದ ಕೈ ಗ್ರೇಟರ್ ನೋಯ್ಡಾದಲ್ಲಿ!

ನವೆಂಬರ್ 21

ಸಿಕ್ಕಿತು. ಕೊಕ್ಕೆತಾತಿ ಸಿಕ್ಕಿತು. ಮಿಸೆಸ್ ಚಂಗಪ್ಪನವರ ಮಡಿಕೇರಿಯ ತಂಗಿಯ ಸೂಟ್‌ಕೇಸಿನಲ್ಲಿ, ಶಾಲಿನೊಳಗೆ. ನಾನೇ ಮೂರನೇ ಸಲ ಫೋನ್ ಮಾಡಿದ್ದಕ್ಕೆ ಹೇಳಿದರು. ಇಲ್ಲದಿದ್ದರೆ ಅದೂ ಇಲ್ಲ.

“ಅಚ್ಛಾ, ಅದಾ? ಸಿಕ್ತಪ್ಪ, ಹೋದ ವಾರವೇ ಸಿಕ್ತು.”

“ರಿವ್ಯೂ ತೆಗೆಯಿರಿ, ಮೇಡಂ.”

“ಅಳಿಯ ಹಾಕಿಕೊಟ್ಟಿದ್ದು, ಪಾಸ್‌ವರ್ಡ್ ಅವನ ಹತ್ರ. ಹನಿಮೂನಲ್ಲಿದಾನೆ, ಹೇಗೆ ಕೇಳಲಿ? ಅಲ್ಲಾ, ನೀವೇ ಅವಳನ್ನ ತೆಗೆದುಹಾಕಿದೀನಿ ಅಂತ ಬರೆದ್ರಲ್ಲ. ಏನೂ ಇಲ್ದೆ ಹಾಗೆ ಬರೀತಾರಾ?”

ಎಂಥೆಂಥ ಸಭೆಗಳಲ್ಲಿ ಅಬ್ಬರಿಸಿದವನು... ‘ಆಯಿತು ಮೇಡಂ’ ಎಂದು ಫೋನಿಟ್ಟೆ.

ನವೆಂಬರ್ 29, ಶನಿವಾರ

ಬೀಗದ ಕೈ, ಅಂದರೆ ಪಾಸ್‌ವರ್ಡ್, ಸೋಮವಾರ ಬಂತು. ಅಪೂರ್ವ ಆ ಉತ್ತರವನ್ನು ಅಳಿಸಿದಳು. ನಾನು ಹೇಳಿದೆ, ಅವಳು ಟೈಪ್ ಮಾಡಿದಳು: ಒಡವೆ ಮದುವೆಯ ಮನೆಯವರ ಬಳಿಯೇ ಇದೆ. ದೇಚಮ್ಮ ನಮ್ಮವರು. ಹಿಂದಿನ ಉತ್ತರ ನನ್ನದಲ್ಲ, ಸುಳ್ಳು. ಆಟೋಮ್ಯಾಟಿಕ್ಕಿಗೆ ಬೆಂಕಿ ಹಾಕಿಸಿದೆ. ಸಾಕೇತ್ ಗೋಳಾಡಿದ: “ಅಂಕಲ್, ರ‍್ಯಾಂಕಿಂಗ್ ಬಿದ್ದುಹೋಗುತ್ತೆ, ಸೀಸನ್ ಟೈಮ್!” ಬೀಳಲಿ. ಪಾತಾಳಕ್ಕೆ ಬೀಳಲಿ.

ಬಿದ್ದಿತು. ಫೋನು ಸತ್ತಂತಿದೆ.

ಇವತ್ತು ಡಬ್ಬಿ ತೆಗೆದುಕೊಂಡು ಆರ್.ಕೆ. ಪುರಂಗೆ ಹೋದೆ, ಅವರ ಮಗನ ಕ್ವಾರ್ಟರ್ಸಿಗೆ. ದೇಚಮ್ಮ ಬಾಗಿಲಲ್ಲೇ ನಿಂತು ಹೊಸ ಉತ್ತರ ಓದಿದರು. ಕನ್ನಡಕ ತೆಗೆದರು.

“ಚೆನ್ನಾಗಿದೆ. ಇದನ್ನ ಯಾರು ಓದ್ತಾರೆ? ಹಳೇದರ ಫೋಟೋ ತೆಗೆದು ಎಲ್ಲಾ ವಾಟ್ಸಾಪ್ ಗ್ರೂಪಿಗೂ ಹಾಕಿ ಆಯ್ತು. ನನ್ನ ಸೊಸೆಗೂ ಬಂತು.”

“ನಾನೇನು ಮಾಡಲಿ, ಹೇಳಿ.”

“ಹುತ್ತರಿ ಹಬ್ಬದ ಕೂಟಕ್ಕೆ ಆ ಗ್ರೂಪಿನವರೆಲ್ಲಾ ಬರ್ತಾರೆ. ಅಲ್ಲಿ ಹೇಳಿ.”

ಪ್ರತಿ ವರ್ಷವೂ ಆ ಕೂಟದಲ್ಲಿ ನನ್ನದೊಂದು ಏಕಪಾತ್ರಾಭಿನಯ ಇರುತ್ತದೆ, ದುರ್ಯೋಧನ. ಎದೆಯುಬ್ಬಿತು. “ದೇಚಮ್ಮ! ಕುರುಸಭೆಯೇ ನಡುಗುವಂತೆ...”

“ಬೇಡ.” ಬಾಗಿಲಿಗೆ ಕೈಯಿಟ್ಟರು. “ಮೀಸೆ ಅಂಟಿಸ್ಕೊಂಡು ಹೇಳಬೇಡಿ. ದುರ್ಯೋಧನ ಹೇಳಿದ್ರೆ ಚಪ್ಪಾಳೆ ತಟ್ಟಿ ಊಟಕ್ಕೆ ಹೋಗ್ತಾರೆ. ನೀವು ಹೇಳಿ.”

ಡಬ್ಬಿ ತೆಗೆದುಕೊಳ್ಳಲಿಲ್ಲ. ವಾಪಸ್ ತಂದೆ.

ಡಿಸೆಂಬರ್ 7, ಭಾನುವಾರ. ಹಾಲ್‌ನಲ್ಲಿ, ಪರದೆಯ ಹಿಂದೆ

ಹೊರಗೆ ವಾಲಗ. ಮಕ್ಕಳ ಕುಣಿತ ನಡೆಯುತ್ತಿದೆ. ಮುಂದಿನದು ನನ್ನದು.

ಮೀಸೆ ಅಂಟಿಸಿಕೊಂಡಿದ್ದೇನೆ. ಕಿರೀಟವೂ ಇದೆ. ಬೇಡ ಅಂದಿದ್ದರು. ಆದರೂ ಗಮ್ ಹಚ್ಚುವಾಗ ಕೈ ತಾನಾಗಿ ಹೋಯಿತು. ಬರಿಮುಖದಲ್ಲಿ ರಂಗಕ್ಕೆ ಹೋಗಿ ಅಭ್ಯಾಸವೇ ಇಲ್ಲ. ಹೆದರಿಕೆ... ಇಂದುಶೇಖರನಿಗೆ ಹೆದರಿಕೆ!

ಪರದೆಯ ಸಂದಿಯಿಂದ ನೋಡಿದೆ. ಮುಂದಿನ ಸಾಲು, ನಡುವಿನ ಕುರ್ಚಿ, ಮಿಸೆಸ್ ಚಂಗಪ್ಪ. ಕೊರಳಲ್ಲಿ — ಅಬ್ಬಾ! ಅದೇ ಕೊಕ್ಕೆತಾತಿ. ಹೊಳೆಯುತ್ತಿದೆ. ಪಕ್ಕದವರಿಗೆ ಎತ್ತಿ ತೋರಿಸುತ್ತಿದ್ದಾರೆ. ನಗು ಬೇರೆ!

“ಅಪ್ಪಾ, ಪ್ಲೀಸ್, ಸೀನ್ ಮಾಡ್ಬೇಡಿ” — ಅಪೂರ್ವ. ಸೀನ್ ಮಾಡುವುದೇ ನನ್ನ ಕಸುಬು, ಮಗಳೇ.

ದೇಚಮ್ಮ ಬಂದಿಲ್ಲ. ಕುರ್ಚಿಗಳನ್ನೆಲ್ಲ ನೋಡಿದೆ. ಇಲ್ಲ.

ಇದ್ದಾರೆ. ಕೊನೆಯಲ್ಲಿ. ಚಪ್ಪಲಿ ಬಿಡುವ ಬಾಗಿಲ ಹತ್ತಿರ, ಕುರ್ಚಿಯಿಲ್ಲ, ಗೋಡೆಗೊರಗಿ ಜಮಖಾನೆಯ ಮೇಲೆ. ತಲೆಗೆ ವಸ್ತ್ರ ಕಟ್ಟಿದ್ದಾರೆ. ಅವರ ಅಕ್ಕಪಕ್ಕ ಯಾರೂ ಕೂತಿಲ್ಲ.

ಕಿರೀಟ ತೆಗೆದೆ. ಮೀಸೆ ಕಿತ್ತೆ. ಕಣ್ಣಲ್ಲಿ ನೀರು ಬಂತು, ಗಮ್ಮಿನ ಉರಿ. ಬರೆದು ತಂದ ಮೂರು ಪುಟದ ಭಾಷಣ ಅಪೂರ್ವಳ ಕೈಗೆ ಕೊಟ್ಟೆ. ಬೇಡ. ನಾಲ್ಕು ಮಾತು, ಆಡುವ ಹಾಗೆ.

ಯಾರೋ ಮೈಕು ತಂದು ಹಿಡಿದರು. ವಾಪಸ್ ಕೊಟ್ಟೆ. ಆ ಕೊನೆಯ ಸಾಲಿನವರೆಗೆ ನನ್ನ ದನಿಯೇ ಹೋಗಬೇಕು.

ಹೆಸರು ಕೂಗುತ್ತಿದ್ದಾರೆ. ‘ದುರ್ಯೋಧನನ ಪಾತ್ರದಲ್ಲಿ’ ಅನ್ನುತ್ತಿದ್ದಾರೆ, ‘ಅಲ್ಲ, ನಾನು ಇಂದುಶೇಖರ’ ಅಂತಲೇ ಶುರು ಮಾಡುತ್ತೇನೆ.