ಓಡುವ ಎದಿಗೆ ಹೊಲಿಗಿ

ದಾಂಡೇಲಿ, ಮಂಗಳವಾರ

ಚಿ. ಸೌ. ಸಹನಾಗ ಅಪ್ಪನ ಆಶೀರ್ವಾದ.

ಆಸ್ಪತ್ರಿಯಿಂದ ಹೇಳದ ಎದ್ದು ಬಂದೆ ಅಂತ ನೀ ಸಿಟ್ಟಾಗೀದಿ. ಬೈಪಾಸ್ ಮಾಡತೇವಿ, 'ವಿದೌಟ್ ಸ್ಟಾಪಿಂಗ್ ದಿ ಹಾರ್ಟ್' ಅಂದರು ಡಾಕ್ಟರು. ನನ್ನ ಒಂದು ವರ್ಷದ ಕಾಲೇಜ್ ಇಂಗ್ಲಿಷಿಗೆ ಹೃದಯ ನಿಲ್ಲಿಸದನ ಕೊಯ್ಯತಾರ ಅಂತ ಅಷ್ಟ ತಿಳೀತು, ಹೆದರಿಕಿ ಆತು. ಪೇಪರ್ ಮಿಲ್ಲಿನ್ಯಾಗ ಮೂವತ್ತು ವರ್ಷ ಫಿಟರ್ ಇದ್ದಾವ ನಾ. ಓಡೋ ಮಷೀನಿಗೆ ಕೈ ಹಾಕಬ್ಯಾಡ್ರೋ ಅಂತ ಎಷ್ಟ ಮಂದಿಗೆ ಬೈದೇನಿ.

ನಿನ್ನೆ ಡಾಕ್ಟರು ಫೋನ್ ಮಾಡಿ ಬಿಡಿಸಿ ಹೇಳಿದರು. ಹೊಲಿಗಿ ಹಾಕೋ ಜಾಗಾ ಅಷ್ಟ ಅಲುಗದಂಗ ಹಿಡೀತಾರಂತ, ಉಳಿದ ಹೃದಯ ತನ್ನ ಕೆಲಸಾ ತಾ ಮಾಡತಿರತೈತಂತ. ಆಗ ನಿಮ್ಮವ್ವ ನೆನಪಾದಳು. ಬಳಿ ಇಡೂವಾಗ ಬಳೆಗಾರ ಮುಂಗೈ ಅಷ್ಟ ಹಿಡಿದಿರತಿದ್ದ, ಅಕಿ ಮೈತುಂಬ ನಗತಿದ್ದಳು, ಒಂದು ಬಳಿನೂ ಒಡೀತಿರಲಿಲ್ಲ. ಅಕಿ ಹೋಗಿ ನಾಕು ವರ್ಷಾತು. ಇರಲಿ. ಈಗೀಗ ನಾಕು ಮೆಟ್ಟಲಾ ಹತ್ತಿದರ ಸಾಕಾಗತೈತಿ ಯವ್ವಾ.

ಗುರುವಾರ ತಿರುಗಿ ಆಸ್ಪತ್ರಿಗೆ ಹೋಗತೇನಿ. ಆಪರೇಷನ್ ನಡುವ ತ್ರಾಸ ಆದರ ಹೃದಯ ನಿಲ್ಲಿಸಿ, ಮಷೀನಿನಿಂದ ರಕ್ತ ಓಡಿಸಬೇಕಾಗತೈತಂತ. ಅದಕ್ಕೂ ಮೊದಲ ಸಹಿ ಬೇಕಂತ. ಮಾಡತೇನಿ. ಆ ಹೊತ್ತಿಗೆ ನೀ ಬಾಜೂಕ ಇರು. ಸಿಟ್ಟು ಇಳಿದಿಲ್ಲ ಅಂದರ ಮಾತಾಡಬ್ಯಾಡ, ಸುಮ್ನ ಕೂಡು.

ನಿನ್ನ ಅಪ್ಪ,
ಶೇಖಪ್ಪ