ಅಂಗೈ ಬಿಡಿಸುವ ಹೊತ್ತು

ಮಾರ್ಚ್ 4, ಮಂಗಳವಾರ

ಇವತ್ತೂ ಗೇಟಿನವನು ಚೀಲ ತಡಕಿದ. ಬಿಸ್ಕತ್ತು ತೆಗೆದಿಟ್ಟುಕೊಂಡು 'ವಿಸಿಟರ್' ಬ್ಯಾಡ್ಜ್ ಕೊಟ್ಟ. ದಿನಾ ನೋಡುವ ಮುಖ, ಆದರೂ ಹೊಸ ಕಳ್ಳನನ್ನು ನೋಡಿದಂತೆ ನೋಡುತ್ತಾನೆ. ರೂಲ್ ಈಸ್ ರೂಲ್ ಅಂತ ಟಾಕೀಸಿನ ಮ್ಯಾನೇಜರ್ ಆಗಿದ್ದಾಗ ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿ, ಆಮೇಲೆ ಪಕ್ಕದ ಬಾಗಿಲಿಂದ ಒಳಗೆ ಬಿಟ್ಟಿದ್ದೇನೆ.

ಮೇಲೆ ಮಕ್ಕಳ ವಾರ್ಡು. ಬಾಗಿಲ ಮೇಲೆ ಶಿಲುಬೆ, ಒಳಗೆಲ್ಲ ಫಿನಾಯಿಲ್ ವಾಸನೆ. ಎಲ್ಲ ಸುಟ್ಟ ಮಕ್ಕಳೇ. ಸುಟ್ಟು, ವಾಸಿಯಾಗಿ, ವಾಸಿಯಾಗುವಾಗ ಚರ್ಮ ಮುದುಡಿಕೊಂಡು, ಈಗ ಆಪರೇಷನ್ ಮಾಡಿ ಬಿಡಿಸಿದ್ದಾರೆ. ಮಿಷನ್ ಆಸ್ಪತ್ರೆ, ಎಲ್ಲ ಪುಕ್ಕಟೆ.

ಇಲ್ಲೇ ಕೆಳಗಿನ ವಾರ್ಡಿನಲ್ಲಿ ನಮ್ಮವಳು ಹೋದದ್ದು. ಆಮೇಲೊಂದು ದಿನ ದೊಡ್ಡ ಸಿಸ್ಟರ್ ಕರೆದು, "ಮನೇಲಿ ಗೋಡೆ ನೋಡ್ತಾ ಕೂರೋ ಬದಲು ಮೇಲೆ ಬನ್ನಿ. ಅಪ್ಪ ಅಮ್ಮ ದಿನಾ ಬರೋಕಾಗದ ಮಕ್ಕಳಿದ್ದಾರೆ. ಮಾತಾಡ್ಸೋರು ಬೇಕು," ಅಂದರು. ಮಾತಾಡುವುದೊಂದೇ ನನಗೆ ಬರುವ ಕೆಲಸ ಅಂತ ಅವರಿಗೆ ಯಾರು ಹೇಳಿದರೋ.

"ಬಂದ ಬಂದ, ಹರಟೆ ತಾತ ಬಂದ!"

"ಅದೇ ಕಥೆ ಹೇಳೋದಾದ್ರೆ ಹೋಗು ತಾತ. ಅದರಲ್ಲಿ ಎಲ್ಲಾರೂ ಮುದುಕರಾಗೋದ್ರು."

ಇಲ್ಲಿ ಯಾವ ಮಗುವಿಗೂ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಗದ್ದ ಎದೆಗೆ ಅಂಟಿಕೊಂಡಿದ್ದವಳು ನೆಲನೋಡಿ. ಬಲಗೈ ಬೆರಳೆಲ್ಲ ಅಂಗೈಗೆ ಅಂಟಿಕೊಂಡಿದ್ದವಳು ಮುಷ್ಟಿ. ಮುಷ್ಟಿಗೆ ಆರೋ ಏಳೋ ವಯಸ್ಸು. ವಾರ್ಡಿನ ರಾಣಿ. ಇವತ್ತು ನನ್ನನ್ನು ಹತ್ತಿರ ಕರೆದಳು.

"ತಾತ, ನಿನ್ನ ಹೆಂಡ್ತಿ ಇಲ್ಲೇ ಕೆಳಗೆ ಸತ್ತಿದ್ದಂತೆ?"

"ಹೂಂ ಮರಿ."

"ನಿನ್ನ ಮಾತು ಕೇಳೀ ಕೇಳೀ ಸತ್ತಿರ್ಬೇಕು."

ವಾರ್ಡೆಲ್ಲ ನಕ್ಕಿತು. ಹೊಲಿಗೆ ಇದ್ದವರು ಹೊಲಿಗೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಸೆನ್ಸ್ ಆಫ್ ಹ್ಯೂಮರ್ ಅಂದರೆ ಹೀಗಿರಬೇಕು... ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ, ಅಷ್ಟೇ.

ಮಾರ್ಚ್ 6, ಗುರುವಾರ

ಪ್ರಮೋಷನ್ ಸಿಕ್ಕಿತು. ಮಾತಿನ ಕೆಲಸದಿಂದ ಕೈಕೆಲಸಕ್ಕೆ.

ಬೆರಳು, ಕತ್ತು, ಮೊಣಕಾಲು ಬಗ್ಗಿಸಿ ಎಳೆಸುವ ಮೇಡಂ ಒಬ್ಬಳಿದ್ದಾಳೆ. ಕುಳ್ಳಗೆ, ನಗು ಕಡಿಮೆ. ಮಕ್ಕಳು ಇಟ್ಟ ಹೆಸರು ಇಕ್ಕಳ. ಮೂರು ವಾರ್ಡಿಗೆ ಅವಳೊಬ್ಬಳೇ. ಆಪರೇಷನ್ನಿನಲ್ಲಿ ಬೆರಳು ನೆಟ್ಟಗಿರಲೆಂದು ಚುಚ್ಚಿದ್ದ ತಂತಿಗಳನ್ನು ಮುಷ್ಟಿಯ ಕೈಯಿಂದ ತೆಗೆದಿದ್ದಾರೆ, ಅಂಗೈಗೆ ತೊಡೆಯಿಂದ ತೆಗೆದ ಹೊಸ ಚರ್ಮ ಹಿಡಿದಿದೆ. ಮೇಡಂ ನನ್ನನ್ನು ಮೇಜಿನ ಹತ್ತಿರ ಕೂರಿಸಿದಳು.

"ನೋಡಿ ಸರ್. ಎಳೇ ಚರ್ಮ, ತಾನಾಗೇ ಒಳಕ್ಕೆ ಸೇದ್ಕೊಳ್ಳುತ್ತೆ. ಬಿಟ್ರೆ ಮತ್ತೆ ಮುಷ್ಟೀನೇ. ಬೆಳಿಗ್ಗೆ ನಾನು ಮಾಡ್ತೀನಿ, ಸಾಯಂಕಾಲ ನಂಗೆ ಗಂಡಸರ ವಾರ್ಡು. ನೀವು ಅಂಗೈ ಹೀಗೆ ಬಿಡಿಸಿ ಮೇಜಿಗೆ ಒತ್ತಿ ಹಿಡೀಬೇಕು. ಆಮೇಲೆ ಈ ಹಲಗೆಗೆ ಕಟ್ಟಿಬಿಡಿ. ಹಲಗೆ ಹಗಲೂ ರಾತ್ರಿ ಇರಬೇಕು."

"ಅಳೋದಿಲ್ವಾ ಮೇಡಂ?"

"ಅಳ್ತಾಳೆ. ಕಚ್ತಾಳೆ. ಬೈತಾಳೆ. ಬಿಡಬೇಡಿ."

ಹಲಗೆ ಅಂದರೆ ಪ್ಲಾಸ್ಟಿಕ್ಕಿನದು, ಚಪ್ಪಟೆ, ಬೆರಳುಗಳ ಮೇಲೆ ಹಾದುಹೋಗುವ ಪಟ್ಟಿಗಳು. ಒತ್ತಿದೆ. ಮೂರೂ ಹೇಳಿದ ಹಾಗೇ ಆಯಿತು. ಜೊತೆಗೆ ಕನ್ನಡಕದ ಮೇಲೆ ಉಗಿದಳು. ಅದನ್ನು ಮೇಡಂ ಹೇಳಿರಲಿಲ್ಲ.

"ನೀನೂ ಅವಳ ಥರಾನೇ," ಅಂದಳು ಹುಡುಗಿ. ಆಮೇಲೆ ನಾನು ಏನು ಹೇಳಿದರೂ ಎಡಗೈಯಲ್ಲಿ ಕಿವಿ ಮುಚ್ಚಿಕೊಂಡಳು. ಒಂದೇ ಕಿವಿ. ಇನ್ನೊಂದು ಕೈ ಹಲಗೆಯಲ್ಲಿತ್ತಲ್ಲ. ಉಳಿದವರೂ ಕಥೆ ಬೇಡ ಅಂದರು. ಟಾಕೀಸಿನಲ್ಲಿ ಒಂದೇ ಒಂದು ಟಿಕೆಟ್ ಹೋಗದ ದಿನ ಹೀಗೇ ಇರುತ್ತಿತ್ತು. ಖಾಲಿ ಕುರ್ಚಿಗಳ ಮುಂದೆ ಪೂರ್ತಿ ಷೋ.

ಮಾರ್ಚ್ 11, ಮಂಗಳವಾರ

ಐದು ದಿನ ಒತ್ತಿದೆ. ಐದು ದಿನವೂ ಮಾತಿಲ್ಲ. ಇವತ್ತು ಅವಳೇ ಮೊದಲು ಬಾಯಿ ಬಿಟ್ಟಳು.

"ತಾತ, ನೀನು ಒಳ್ಳೆಯವನಲ್ವಾ?"

"ಹಾಗಂತ ನನ್ನ ಅಭಿಪ್ರಾಯ."

"ಹಾಗಾದ್ರೆ ಇವತ್ತು ಒತ್ತಬೇಡ. ಪಟ್ಟಿ ಸಡಿಲ ಮಾಡು. ಸ್ವಲ್ಪ. ಒಂದೇ ಒಂದ್ಸಲ."

ಮಾಡಿದೆ. ಸ್ವಲ್ಪವೇ. ಅವಳು ತಲೆ ತಂದು ನನ್ನ ಹೆಗಲಿಗೆ ಆನಿಸಿದಳು. ಕೂದಲಲ್ಲಿ ಔಷಧಿ ವಾಸನೆ. ಮುಲಾಮಿನದೋ ಏನೋ. ಅಲುಗಾಡದೆ ಕೂತೆ. ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ನಮ್ಮವಳು ಹೆಗಲಿಗೆ ತಲೆ ಇಡುವ ಪೈಕಿ ಅಲ್ಲ. "ಊರಿಗೆಲ್ಲಾ ಒಳ್ಳೆಯವರಾಗೋ ಚಟ ನಿಮಗೆ. ಮನೆಗೆ ಯಾವಾಗ ಆಗ್ತೀರಿ?" ಅನ್ನುತ್ತಿದ್ದಳು. ಈಗ ಇದ್ದಿದ್ದರೆ ತೋರಿಸುತ್ತಿದ್ದೆ.

ಮೆಟ್ಟಿಲ ಮೇಲೆ ಮೇಡಂ ಎದುರಾದಳು. "ಆಯ್ತಾ ಸರ್?"

"ಫಸ್ಟ್ ಕ್ಲಾಸ್."

ಮಾರ್ಚ್ 14, ಶುಕ್ರವಾರ

ಒತ್ತುವುದು ನಿಂತಿದೆ. ನಾನು ಹೋದ ತಕ್ಷಣ ಪರದೆ ಎಳೆಯುತ್ತೇವೆ. ಹಲಗೆ ಬಿಚ್ಚುತ್ತೇವೆ. ಹಲಗೆ ಒಮ್ಮೆ ಫೋನು, ಒಮ್ಮೆ ದೋಣಿ, ಒಮ್ಮೆ ಅವಳಮ್ಮನ ಇಸ್ತ್ರಿ ಪೆಟ್ಟಿಗೆ. ನನ್ನ ಶರ್ಟಿನ ಮೇಲೆ ಅದನ್ನು ಉಜ್ಜಿ, "ಸುಕ್ಕು ಹೋಗ್ತಾ ಇಲ್ಲ ತಾತ, ಒಳಗಿರೋದೇ ಸುಕ್ಕು," ಅನ್ನುತ್ತಾಳೆ. ವಿಸಿಟರ್ ಹೊತ್ತು ಮುಗಿದ ಬೆಲ್ ಹೊಡೆಯುವ ಮೊದಲು ಕಟ್ಟುತ್ತೇನೆ. ಹಗುರಾಗಿ.

ಪಕ್ಕದ ಮಂಚದಿಂದ ನೆಲನೋಡಿ, "ತಾತ, ನನ್ನ ಹತ್ರಾನೂ ಬಾ," ಅಂದಳು.

"ಇದು ನಮ್ಮ ತಾತ. ನಿಂದಲ್ಲ," ಅಂದಳು ಮುಷ್ಟಿ. "ಕೈ ಸರಿಯಾಗ್ಲಿ, ಮೊದಲು ನಿನ್ನ ಕೆನ್ನೆಗೇ ಬಾರಿಸ್ತೀನಿ. ಗುದ್ದೀ ಗುದ್ದೀ ಬೇಜಾರಾಗಿದೆ ನಂಗೆ. ಒಂದ್ಸಲ ಚಟಾರ್ ಅಂತ ಹೊಡೀಬೇಕು."

ನಮ್ಮ ತಾತ! ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಪಕ್ಕದವನು ಏನೆಂದುಕೊಂಡಾನು.

ಮಾರ್ಚ್ 20, ಗುರುವಾರ

ನಿನ್ನೆ ವಾರ್ಡಿನಲ್ಲಿ ಕನ್ನಡಕ ಮರೆತು ಬಂದಿದ್ದೆನೆಂದು ಇವತ್ತು ಬೆಳಿಗ್ಗೆಯೇ ಹೋದೆ. ಮೆಟ್ಟಿಲಲ್ಲೇ ಕೂಗು ಕೇಳಿಸಿತು. ಮನುಷ್ಯರ ಕೂಗಲ್ಲ ಅದು. ನೋಡಿದರೆ ನಮ್ಮ ಹುಡುಗಿ. ಇಕ್ಕಳ ಅವಳ ಅಂಗೈಯನ್ನು ಮೇಜಿಗೆ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತುತ್ತಿದ್ದಳು. ಆಯಾ ಕಾಲು ಹಿಡಿದಿದ್ದಳು.

"ಏನಮ್ಮಾ ಇದು, ಕೊಲ್ತೀಯಾ?" ಅಂದುಬಿಟ್ಟೆ.

ಅವಳು ಕೈ ತೆಗೆಯಲಿಲ್ಲ. ಬೆವರು ಮಾತ್ರ ಹೆಗಲಿಗೆ ಒರೆಸಿಕೊಂಡಳು. "ಸಾಯಂಕಾಲ ಸರಿಯಾಗಿ ಒತ್ತುತ್ತಾ ಇದ್ದೀರಾ ಸರ್? ಬೆಳಿಗ್ಗೆ ಬರೋ ಹೊತ್ತಿಗೆ ಕಲ್ಲಾಗಿರುತ್ತೆ. ಅದಕ್ಕೇ ಇಷ್ಟು ಜೋರು."

"ದಿನಾ ಒತ್ತುತ್ತಾ ಇದ್ದೀನಿ."

ಹುಡುಗಿ ನನ್ನನ್ನು ನೋಡಿದಳು. ಗುಟ್ಟು ಕಾಯುವವರ ನೋಟ.

ನೇರ ದೊಡ್ಡ ಸಿಸ್ಟರ್ ಹತ್ತಿರ ಹೋದೆ. ಕಾಲೇಜು ಬಿಟ್ಟ ಮೇಲೆ ಒಂದು ಇಂಗ್ಲಿಷ್ ಮಾತು ಸಮಯಕ್ಕೆ ಸರಿಯಾಗಿ ನಾಲಿಗೆಗೆ ಬಂದದ್ದು ಇದೇ ಮೊದಲು. "ಇನ್‌ಹ್ಯೂಮನ್, ಸಿಸ್ಟರ್. ಅಬ್ಸೊಲ್ಯೂಟ್ಲಿ ಇನ್‌ಹ್ಯೂಮನ್. ಕ್ರಿಸ್ತನ ಮನೆಯಲ್ಲಿ ಇಂಥದ್ದು ನಡೀಬಾರ್ದು."

ಅವರ ಮುಖ ಇಳಿಯಿತು. "ನಿಮ್ಮಂಥ ಹಿರಿಯರೇ ಹೇಳ್ತಾ ಇದ್ದೀರಿ ಅಂದ್ಮೇಲೆ ನೋಡ್ತೀನಿ," ಅಂದರು.

ಮಾರ್ಚ್ 23, ಭಾನುವಾರ

ಇಕ್ಕಳ ಪೂರ್ತಿ ಗಂಡಸರ ವಾರ್ಡಿಗೆ. ಹೊಸಬರು ಬರುವವರೆಗೆ ಮುಷ್ಟಿಯ ಕೈ ಎರಡು ಹೊತ್ತೂ ನನ್ನದೇ. ಸಿಸ್ಟರ್ ಬೆಳಗಿನ ಬ್ಯಾಡ್ಜನ್ನೂ ಕೊಡಿಸಿದರು.

ಹುಡುಗಿಯ ಅಮ್ಮ ಬಂದಿದ್ದಳು. ರಸ್ತೆ ಬದಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಭಾನುವಾರ ಮಾತ್ರ ಬಿಡುವು. ಬಲಗೈ ಗಂಡಸರ ಕೈಯಂತೆ ಗಟ್ಟಿ. ಮಗು ಅಂಬೆಗಾಲಿಡುವಾಗ ಬಿಸಿ ಪೆಟ್ಟಿಗೆಯನ್ನು ಕೆಳಗಿಟ್ಟು ಚಿಲ್ಲರೆ ಕೊಡಲು ತಿರುಗಿದಳಂತೆ. ಅಷ್ಟೇ.

"ನಾನೇ ಸುಟ್ಟಿದ್ದು ಸಾರ್. ಯಾರೂ ಅನ್ನಲ್ಲ, ನಂಗೆ ಗೊತ್ತು," ಅಂದಳು. "ಇವಳು ಪೆನ್ಸಿಲ್ ಹಿಡಿದದ್ದು ಒಂದ್ಸಲ ನೋಡಿದ್ರೆ ಸಾಕು. ನೀವಿದ್ದೀರಿ ಅಂತ ಅಲ್ಲಿ ನೆಮ್ಮದಿಯಾಗಿ ಪೆಟ್ಟಿಗೆ ತಳ್ತೀನಿ."

ನಾನೇನಂದೆ? "ನೋ ಪ್ರಾಬ್ಲಮ್ ಅಮ್ಮಾ, ಕೈ ಹೂವಿನ ಥರ ಅರಳುತ್ತೆ," ಅಂದೆ. ಮಾತು ಬಂದರೆ ನಿಲ್ಲುವುದಿಲ್ಲ ನನಗೆ.

ಏಪ್ರಿಲ್ 2, ಬುಧವಾರ

ಹತ್ತು ದಿನದಿಂದ ಬರೆದಿಲ್ಲ. ಸುಖವಾಗಿದ್ದಾಗ ಬರೆಯಲು ಏನಿರುತ್ತದೆ? ವಾರ್ಡಿನಲ್ಲಿ ಈಗ ಬೆಳಿಗ್ಗೆ ಕೂಗಿಲ್ಲ. ನರ್ಸುಗಳೂ ಹೇಳಿದರು, ಎಷ್ಟು ಶಾಂತವಾಗಿದೆ ಅಂತ.

ನೆಲನೋಡಿ ಇವತ್ತು ಮನೆಗೆ ಹೋದಳು. ಹೋಗುವಾಗ ಕತ್ತೆತ್ತಿ ಚಾವಣಿ ನೋಡುತ್ತಾ ನಡೆದು ಕುರ್ಚಿಗೆ ಎಡವಿದಳು. ಗಂಡಸರ ವಾರ್ಡಿಂದ ಬೀಳ್ಕೊಡಲು ಬಂದಿದ್ದ ಇಕ್ಕಳದ ಕೈಯನ್ನು ಕೆಳಗಿನವರೆಗೂ ಬಿಡಲಿಲ್ಲ. ಆ ಕೈ ಅವಳನ್ನು ಎಷ್ಟು ಅಳಿಸಿದೆ! ಮಕ್ಕಳೇ ಹೀಗೆ, ಅವಕ್ಕೆ ಸ್ವಾಭಿಮಾನವಿಲ್ಲ.

ಮುಷ್ಟಿಯ ಕಿರುಬೆರಳು ಹಲಗೆಗೆ ತಾಗುತ್ತಿಲ್ಲ. ಅದರ ಪಕ್ಕದ್ದೂ. ಸ್ವಲ್ಪ ಒತ್ತಿ ನೋಡಿದೆ. "ನೀನೂನಾ ತಾತ?" ಅಂದಳು. ಬಿಟ್ಟೆ. ಪಟ್ಟಿಯನ್ನು ಬೆರಳ ಮೇಲೆ ತರುವ ಬದಲು ಮಣಿಕಟ್ಟಿಗೇ ಎರಡು ಸುತ್ತು ಸುತ್ತಿದೆ. ಹೊರಗಿಂದ ನೋಡಿದರೆ ಕಟ್ಟಿದಂತೆಯೇ. ನೇಚರ್ ಈಸ್ ದಿ ಬೆಸ್ಟ್... ಮುಂದೆ ಏನೋ ಇತ್ತು. ನೆನಪಾಗುತ್ತಿಲ್ಲ.

ಏಪ್ರಿಲ್ 10, ಗುರುವಾರ

ಇವತ್ತು ಅಕ್ಷರ ಸೊಟ್ಟ.

ದೊಡ್ಡ ಡಾಕ್ಟರ್ ಬಂದಿದ್ದರು. ಮುಷ್ಟಿಯ ಕೈ ತೋರಿಸಲೆಂದು ಅವಳಮ್ಮನನ್ನೂ ಕರೆಸಿದ್ದರು. ಅವಳು ಹೊಸ ಪೆನ್ಸಿಲ್ ತಂದಿದ್ದಳು. ಡಾಕ್ಟರ್ ಹಲಗೆ ಬಿಚ್ಚಿಸಿದರು. ನಾಲ್ಕು ಬೆರಳೂ ಒಳಗೆ. ತುದಿ ಅಂಗೈಗೆ ತಾಗಿಬಿಟ್ಟಿದೆ. ಅವರು ಎಳೆದು ನೋಡಿದರು. ಬರಲಿಲ್ಲ. ಹುಡುಗಿ ಕಿರುಚಿದಳು.

"ತೊಡೆಯಿಂದ ಇನ್ನೊಂದ್ಸಲ ಚರ್ಮ ತೆಗೀಬೇಕು. ಎಲ್ಲ ಮೊದಲಿಂದ. ಈ ಗಾಯ ಮೆತ್ತಗಾಗೋಕೇ ಮೂರು ತಿಂಗಳು," ಅಂದರು. ಆಮೇಲೆ, "ದಿನಾ ಹಲಗೆ ಬಿಚ್ತಾ ಇದ್ದದ್ದು ಯಾರು?"

ಸಿಸ್ಟರ್ ನನ್ನನ್ನು ನೋಡಲೂ ಇಲ್ಲ. ನಾನೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಕನ್ನಡಕ ತೆಗೆದು ಒರೆಸಿದೆ.

"ನಾನೇ," ಅಂದಳು ಹುಡುಗಿ. "ತಾತ ಕಟ್ಟಿ ಹೋದ್ಮೇಲೆ ಹಲ್ಲಲ್ಲಿ ಎಳೆದು ಬಿಚ್ತಿದ್ದೆ."

ಅಮ್ಮ ಹೊಡೆದಳು. ಆ ಇಸ್ತ್ರಿ ಕೈಯಲ್ಲಿ. ಮಗುವಿನ ತಲೆ ಮಂಚದ ಕಂಬಿಗೆ ತಾಗಿತು. "ಸುಟ್ಟಿದ್ದು ನಾನು, ಒಪ್ಕೊಂಡಿದ್ದೀನಿ. ಇದನ್ನ ಯಾರ ತಲೆಗೆ ಕಟ್ಟಲಿ? ಹೇಳೇ! ಇದನ್ನ ಯಾರ ತಲೆಗೆ ಕಟ್ಟಲಿ?" ಇನ್ನೊಂದು ಹೊಡೆದಳು. ನರ್ಸು ಹಿಡಿದುಕೊಂಡಳು.

ನಾನು, "ಹೋಗ್ಲಿ ಬಿಡಮ್ಮಾ, ಮಗು," ಅಂದೆ. ಇದು ನಾನು ಆಡಿದ ಮಾತು. ಇಷ್ಟೇ ಆಡಿದೆ. ಯಾವಾಗಲೂ ನಿಲ್ಲದ ಬಾಯಿ.

ಇಕ್ಕಳ ಬಾಗಿಲಲ್ಲಿ ನಿಂತಿದ್ದಳು. ಅವಳು ಹುಡುಗಿಯನ್ನು ನೋಡುತ್ತಿರಲಿಲ್ಲ.

ಹೊರಡುವಾಗ ಅಮ್ಮ ಮೆಟ್ಟಿಲವರೆಗೆ ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಕ್ಷಮಿಸಿ ಸಾರ್. ನಿಮ್ಮ ಶ್ರಮಾನೆಲ್ಲ ಮಣ್ಣು ಮಾಡಿಬಿಟ್ಲು."

ಏಪ್ರಿಲ್ 11, ಶುಕ್ರವಾರ

ಹೋಗಲಿಲ್ಲ. ಕೆಮ್ಮು, ಮಕ್ಕಳಿಗೆ ತಗುಲೀತು ಅಂತ ಫೋನ್ ಮಾಡಿ ಹೇಳಿದೆ. ಫೋನಿನಲ್ಲಿ ಕೆಮ್ಮಿಯೂ ತೋರಿಸಿದೆ.

ಏಪ್ರಿಲ್ 19

ಪಟ್ಟಿ ಬಿಚ್ಚಲ್ಪಟ್ಟಿತು. ಕೈ ಮುಚ್ಚಲ್ಪಟ್ಟಿತು. ಮಗು ಹೊಡೆಯಲ್ಪಟ್ಟಿತು. ಇಂಗ್ಲಿಷ್ ಮೇಷ್ಟ್ರು ಹೀಗೇ ಬರೆಸುತ್ತಿದ್ದರು, ಯಾರು ಮಾಡಿದರೆಂದು ಹೇಳದೆಯೇ ವಾಕ್ಯ ಮುಗಿಯುತ್ತದೆ ಅಂತ. ಮುಗಿಯುತ್ತಿಲ್ಲ.

ಜುಲೈ 22, ಮಂಗಳವಾರ

ದೊಡ್ಡ ಸಿಸ್ಟರ್ ಫೋನು. "ಕೆಮ್ಮು ಹೋಯ್ತಾ ಸರ್?" ಮೂರು ತಿಂಗಳ ಕೆಮ್ಮು. ಹೋಯಿತು ಅಂದೆ.

ಎರಡನೇ ಆಪರೇಷನ್ ಮುಗಿದಿದೆ. ಇನ್ನೊಂದು ತೊಡೆಯಿಂದ ಚರ್ಮ. ಸ್ಕೂಲು ಈ ವರ್ಷಕ್ಕಿಲ್ಲ. ಎಳೆಸುವ ಮೇಡಂ ವಾಪಸ್ ಬಂದಿದ್ದಾಳೆ. ತಪ್ಪು ಅವಳದಲ್ಲ ಅಂತ ಗೊತ್ತಾಯಿತಂತೆ. ತಂತಿ ತೆಗೆದ ಮೇಲೆ ಒತ್ತುವುದು ಶುರು. "ಮಗು ಯಾರನ್ನೂ ಹತ್ರ ಸೇರಿಸ್ತಾ ಇಲ್ಲ. ತಾತ ಬಂದು ಹಿಡ್ಕೊಂಡ್ರೆ ಮಾಡಿಸ್ಕೋತೀನಿ ಅಂತಾಳೆ. ಅವರಮ್ಮನೂ ಅದನ್ನೇ ಕೇಳ್ತಿದ್ದಾಳೆ."

ಬರುತ್ತೇನೆ ಅಂದೆ. ಇಲ್ಲ ಅನ್ನಲು ನನಗೆ ಯಾವತ್ತು ಬಂದಿದೆ?

ಆಗಸ್ಟ್ 5, ಮಂಗಳವಾರ

ಹೋದೆ. ಬಸ್ಸಿನಲ್ಲಿ ಎಲ್ಲ ಹೇಳಿಬಿಡಬೇಕೆಂದು ತೀರ್ಮಾನಿಸಿದ್ದೆ. ಮೊದಲು ಸಿಸ್ಟರ್‌ಗೆ, ಆಮೇಲೆ ಅಮ್ಮನಿಗೆ. ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಸಿಸ್ಟರ್ ಪ್ರಾರ್ಥನೆಯಲ್ಲಿದ್ದರು. ಸರಿ, ಆಮೇಲೆ ಅಂದುಕೊಂಡೆ.

ಹುಡುಗಿ ತೆಳ್ಳಗಾಗಿದ್ದಾಳೆ. ನಗಲಿಲ್ಲ, ಬೈಯಲೂ ಇಲ್ಲ. "ಬಂದ್ಯಾ," ಅಂದಳು, ಅಷ್ಟೇ.

ಮೇಡಂ ನನಗೆ ಕುರ್ಚಿ ತೋರಿಸಿದಳು. "ಭುಜ ಒಂದು ಕೈಲಿ, ಮೊಣಕೈ ಒಂದು ಕೈಲಿ. ಈ ಸಲ ನನ್ನ ಕಣ್ಣೆದುರಿಗೇ ಹಿಡೀರಿ."

ಹಿಡಿದೆ. ಅವಳು ಅಂಗೈ ಬಿಡಿಸಿ ಒತ್ತಿದಳು. ಹುಡುಗಿ ಕೂಗಲಿಲ್ಲ. ತುಟಿ ಕಚ್ಚಿ ರಕ್ತ ಬಂತು. ಬಾಗಿ ನನ್ನ ಕಿವಿಯಲ್ಲಿ ಹೇಳಿದಳು. "ಅವತ್ತು ನಾನು ನಿನ್ನ ಹೆಸರು ಹೇಳ್ಲಿಲ್ಲ ಅಲ್ವಾ ತಾತ. ಈಗ ನನ್ನ ಇವರಿಂದ ಬಿಡಿಸು."

ಬಿಡಲಿಲ್ಲ. ಭುಜದ ಮೂಳೆ ನನ್ನ ಅಂಗೈಯಲ್ಲಿ ಹಕ್ಕಿಯ ಹಾಗೆ ಒದ್ದಾಡಿತು.

"ತಾತ. ಬಿಡ್ಸು."

"ಜಾಣೆ ನೀನು. ಇನ್ನು ಸ್ವಲ್ಪ," ಅಂದೆ.

ಒದ್ದಾಟ ನಿಂತಿತು. ನನ್ನ ಮುಖವನ್ನೇ ನೋಡಿದಳು, ತುಂಬಾ ಹೊತ್ತು. ಇಷ್ಟು ದಿನ ತನ್ನ ಹತ್ತಿರ ಇದ್ದ ಗುಟ್ಟು ಎಷ್ಟು ಬೆಲೆಯದು ಅಂತ ತೂಗಿ ನೋಡುವವಳ ಹಾಗೆ. ಆಮೇಲೆ ಮೇಡಂ ಕಡೆ ತಿರುಗಿದಳು. "ಅಮ್ಮನ್ನ ಕರೀರಿ. ಒಂದು ಹೇಳ್ಬೇಕು."

"ಆಮೇಲೆ ಹೇಳುವಿಯಂತೆ," ಅಂದೆ ನಾನು, ಗಡಿಬಿಡಿಯಲ್ಲಿ.

"ಇಲ್ಲ, ಕರೀಲಿ," ಅಂದಳು ಮೇಡಂ.

ಅಮ್ಮ ಇವತ್ತು ಕೆಲಸ ಬಿಟ್ಟು ಬಂದು ಹೊರಗೆ ಬೆಂಚಿನಲ್ಲೇ ಕೂತಿದ್ದಳು. ಒಳಗೆ ಬಂದಳು. ನನ್ನನ್ನು ಕಂಡು ಕೈ ಮುಗಿದಳು. "ಏನೇ, ತಾತಂಗೆ ತೊಂದರೆ ಕೊಡ್ತಾ ಇದ್ದೀಯಾ?" ಅಂದಳು ಮಗಳಿಗೆ. ಹುಡುಗಿ ಎಡಗೈ ಎತ್ತಿ, ನನ್ನ ಕಡೆ ಬೆರಳು ಮಾಡಿ, "ಹಲಗೆ ಬಿಚ್ತಿದ್ದದ್ದು ನಾನಲ್ಲಮ್ಮಾ, ತಾತನೇ," ಅಂದಳು.