ರಿಂಗಿಗೆ ಹಚ್ಚಿದ ಸುಣ್ಣ

ಗೆಳತಿ ಗಿರಿಜಾ,

ನಿನ್ನೆ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ನಾಲ್ಕು ಹುಡುಗಿಯರು ಒಂದೇ ಮೊಬೈಲಿನ ಮೇಲೆ ಬಗ್ಗಿಕೊಂಡಿದ್ದರು. ಗದರಿಸಲು ಹೋದವಳು ನಾನೂ ನಿಂತು ನೋಡಿದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬ ಎದುರಿನವನ ತಲೆಯ ಮೇಲಿಂದಲೇ ಹಾರಿ ಚೆಂಡನ್ನು ರಿಂಗಿನೊಳಗೆ ತುರುಕುತ್ತಿದ್ದ. “ಮೇಡಂ, ಇವ್ನು ಕೆಳಗೆ ಇಳಿಯೋದೇ ಮರ್ತಿದಾನೆ ನೋಡಿ” ಎಂದಳು ಒಬ್ಬಳು. ಅವನನ್ನು ಕಂಡು ನನಗೆ ಚೂರೂ ಹೊಟ್ಟೆಕಿಚ್ಚಾಗಲಿಲ್ಲ. ಅದೆಲ್ಲ ನಿನ್ನೊಬ್ಬಳಿಗೇ ಮೀಸಲು. ನೀನು ಹೋಗಿ ಹನ್ನೊಂದು ತಿಂಗಳಾದರೂ ಅದು ಆರಿಲ್ಲವೆಂದರೆ ನಂಬುತ್ತೀಯಾ?

ಕಡೂರಿನ ಹೈಸ್ಕೂಲಿಗೆ ನೀನು ಯಗಟಿಯ ಬಸ್ಸಿನಲ್ಲಿ ಬರುತ್ತಿದ್ದೆ. ಕುರಿಗಳ ಹಿಂದೆ ಬೇಲಿ ಹಾರಿ ಬೆಳೆದ ಕಾಲು ನಿನ್ನದು. ನಾನು ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಬೆಳಗ್ಗೆ ಆರಕ್ಕೇ ಬಂದು, ಮೆಟ್ಟಿಲು ಹತ್ತಿ ಇಳಿದು, ರಿಂಗಿನ ನೆಟ್ಟಿನ ತುದಿ ಮುಟ್ಟಲು ನನಗೆ ಒಂದು ವರ್ಷ ಹಿಡಿದಿತ್ತು. ನೀನು ಸೇರಿದ ಮೊದಲ ವಾರವೇ ಚಪ್ಪಲಿ ಬಿಟ್ಟು, ಲಂಗ ಸಿಕ್ಕಿಸಿ, ಹಾರಿ ಮುಟ್ಟಿ, “ಇಷ್ಟೇನಾ?” ಅಂದೆ. ಜಂಭದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಜಂಭವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕವಿತೆ ಓದುವಾಗ ಸಾಲು ಮುರಿಯುವ ಕಡೆ ಉಸಿರು ಒಂದು ಗಳಿಗೆ ನಿಲ್ಲುತ್ತದಲ್ಲ, ಮೇಲೆ ಹೋದಾಗ ನೀನು ಹಾಗೆ ನಿಲ್ಲುತ್ತಿದ್ದೆ. ನಾನೋ, ಹೋದೆನೆನ್ನುವಷ್ಟರಲ್ಲಿ ಕೆಳಗಿರುತ್ತಿದ್ದೆ.

ಹತ್ತನೆಯ ತರಗತಿಯ ಆ ಸಂಜೆ ನೆನಪಿದೆಯಾ? ನಮ್ಮ ಪಿ.ಟಿ. ಮೇಷ್ಟ್ರು ತಮ್ಮ ಎಲೆಯಡಿಕೆಯ ಸುಣ್ಣವನ್ನು ಕೋಲಿನ ತುದಿಯಿಂದ ರಿಂಗಿಗೆ ಹಚ್ಚುತ್ತಿದ್ದರು. ಹಾರಿದವರ ಬೆರಳಿನಲ್ಲಿ ಬಿಳಿ ಕಂಡರೆ, ಆಟದ ಸಾಮಾನಿನ ಕೋಣೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹೆಸರು. ಅಲ್ಲಿದ್ದವೆಲ್ಲ ಹುಡುಗರ ಹೆಸರೇ. ಅವತ್ತು ಸುಣ್ಣ ಹಚ್ಚಿ, ಡಬ್ಬಿಯನ್ನು ನಿನ್ನ ಕೈಗಿತ್ತು, ಹೆಡ್‌ಮಾಸ್ಟರು ಕರೆದರೆಂದು ಮೇಷ್ಟ್ರು ಒಳಗೆ ಹೋದರು. ನೀನು ಡಬ್ಬಿ ಮುಚ್ಚಿಟ್ಟು ಓಡಿಬಂದು ಹಾರಿದೆ. ಮೈದಾನದಲ್ಲಿ ಇದ್ದವರು ನಾವಿಬ್ಬರೇ. ನಾನು ರಿಂಗಿನ ಕೆಳಗೇ ನಿಂತಿದ್ದೆ.

ಮೇಷ್ಟ್ರು ಬಂದೊಡನೆ ನೀನು ಬೆರಳು ಚಾಚಿದೆ. “ಸಾ, ಮುಟ್ದೆ ಸಾ.”

ಅವರು ನನ್ನ ಕಡೆ ತಿರುಗಿದರು. “ಏನಮ್ಮಾ ಕ್ಯಾಪ್ಟನ್ನು, ನೋಡ್ದಾ?”

“ನಾನು ಚೆಂಡು ನೋಡ್ತಿದ್ದೆ ಸಾ. ಡಬ್ಬಿ ಮುಚ್ಚಿದ್ದು ಇವ್ಳೇ.”

ನಾನು ಹೇಳಿದ್ದು ಇಷ್ಟೇ. ಒಂದು ಸುಳ್ಳು, ಪಕ್ಕದಲ್ಲಿ ಒಂದು ನಿಜ. ನಿನ್ನ ಬೆರಳಿನ ಸುಣ್ಣ ಡಬ್ಬಿಯದಾಗಿಬಿಟ್ಟಿತು. ಮೇಷ್ಟ್ರು ಇನ್ನೊಮ್ಮೆ ಹಾರು ಎಂದರು. ನೀನು ಮೂರು ಸಲ ಹಾರಿದೆ, ಮೂರು ಸಲವೂ ಎಟುಕಲಿಲ್ಲ. “ಹೋಗ್ಲಿ ಬಿಡು, ಕೈ ತೊಳ್ಕೊ” ಎಂದುಬಿಟ್ಟರು. ನೀನು ನನ್ನನ್ನು ಬೈಯಬಹುದಿತ್ತು. ಯಾಕೆ ಬೈಯಲಿಲ್ಲ? ಬಸ್ಸಿಗೆ ಹೊತ್ತಾಯಿತೆಂದು ಓಡಿದೆಯಲ್ಲ, ಆಗಲಾದರೂ ನಾನು ಕೂಗಿ...

ಇಲ್ಲಿ ತರೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಎಂಟು ವರ್ಷದ ಹಿಂದೆ ನೀನು ಸಿಕ್ಕಿದ್ದೆ. ಮೈ ಬಂದಿತ್ತು, ಕೈಯಲ್ಲಿ ತರಕಾರಿ ಚೀಲವಿತ್ತು. ತುಂಬಿ ಹರಿಯುತ್ತಿದ್ದ ಚರಂಡಿಯನ್ನು ಸೀರೆ ಎತ್ತಿ ಒಂದೇ ನೆಗೆತಕ್ಕೆ ದಾಟಿದೆ. ನಾನು ಸುತ್ತು ಹಾಕಿ ಬಂದೆ. “ಕ್ಯಾಪ್ಟನ್ ಬರೋ ಹೊತ್ಗೆ ಬಸ್ಸು ಹೋಯ್ತದೆ ಕಣೇ” ಎಂದು ನೀನು ನಕ್ಕೆ. ಹೇಳಬೇಕಾದ ಮಾತು ನಾಲಿಗೆಯವರೆಗೆ ಬಂದಿತ್ತು. ನಲವತ್ತರಲ್ಲೂ ಹಾಗೆ ಹಾರಿದೆಯಲ್ಲ, ಆ ಸಿಟ್ಟಿಗೆ ನುಂಗಿಕೊಂಡೆ.

ಕಳೆದ ತಿಂಗಳು ನಿನ್ನ ಮಗಳು ಚೈತ್ರಾ ಅಜ್ಜಂಪುರದಿಂದ ನನ್ನ ಮನೆಗೆ ಬಂದಿದ್ದಳು. “ಆಂಟಿ, ಅಮ್ಮ ರಿಂಗ್ ಮುಟ್ಟಿದ್ದೆ ಅಂತಿದ್ಲು. ಅಪ್ಪ ನಗ್ತಾರೆ, ನಿಮ್ಮಮ್ಮಂದು ಸುಣ್ಣದ ಕಥೆ ಅಂತ. ಅಲ್ಲಿದ್ದಿದ್ದು ನೀವೊಬ್ರೇ ಅಂತೆ.”

“ನನ್ನ ಬಗ್ಗೆ ಏನಂತಿದ್ಲು?”

“ಪಾಪ, ಅವ್ಳು ಚೆಂಡು ನೋಡ್ತಿದ್ಲು, ಕಂಡಿದ್ರೆ ಹೇಳ್ದೆ ಇರ್ತಿರ್ಲಿಲ್ಲ, ಅಂತಿದ್ಲು.”

ಮೂವತ್ತು ವರ್ಷಕ್ಕೂ ಮೇಲೆ ನನ್ನನ್ನು ನಂಬಿದ್ದೆಯಾ ನೀನು? ಆ ನಂಬಿಕೆಯೂ ನನಗೆ ಎಟುಕದ ಎತ್ತರವೇ. ಅದರ ಮೇಲೂ ಹೊಟ್ಟೆಕಿಚ್ಚಾಯಿತು, ಏನು ಮಾಡಲಿ?

ಚೈತ್ರಾಳಿಗೆ ಎಲ್ಲ ಹೇಳಿದೆ. ನಿನ್ನ ಎರಡು ಬೆರಳು ರಿಂಗಿನ ಮೇಲೆ ಮಡಚಿದ್ದು, ಕಬ್ಬಿಣ ನಡುಗಿದ್ದು, ಸುಣ್ಣದ ಹನಿಯೊಂದು ನನ್ನ ಕೆನ್ನೆಯ ಮೇಲೆ ಬಿದ್ದದ್ದು, ಮೇಷ್ಟ್ರು ಬರುವುದರೊಳಗೆ ನಾನು ಅದನ್ನು ಜಡೆಯ ರಿಬ್ಬನ್ನಿನಿಂದ ಒರೆಸಿಕೊಂಡದ್ದು.

“ಯಾಕೆ ಹೇಳ್ಲಿಲ್ಲ ಆಂಟಿ?”

“ಹೊಟ್ಟೆಕಿಚ್ಚು ಕಣೇ.”

ಅವಳು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. “ಬರ್ದುಕೊಡಿ.”

“ಗಿರಿಜಾ ರಿಂಗನ್ನು ಮುಟ್ಟಿದಂತೆ ಕಂಡಿತು” ಎಂದು ಬರೆದೆ. ಅವಳು ಓದಿ ಹಾಳೆಯನ್ನು ನನ್ನ ಮುಂದಕ್ಕೇ ತಳ್ಳಿದಳು. “ಕಂಡಿತು ಅಂದ್ರೇನು ಆಂಟಿ? ಮುಟ್ಟಿದ್ಲಾ, ಇಲ್ವಾ?” ನೋಡು ಗಿರಿಜಾ, ನೀನು ಇಲ್ಲವಾದ ಮೇಲೂ ನಿನ್ನನ್ನು ಒಂದು ಬೆರಳಷ್ಟು ಕೆಳಗೆ ಎಳೆಯಲು ಹೋಗಿತ್ತು ನನ್ನ ಕೈ. ಹೊಡೆದುಹಾಕಿ ಮತ್ತೆ ಬರೆದೆ: ಮುಟ್ಟಿದಳು. ನಾನು ಕಣ್ಣಾರೆ ಕಂಡೆ. ಕಾಣಲಿಲ್ಲವೆಂದು ಸುಳ್ಳು ಹೇಳಿದೆ.

ಆ ಹಾಳೆಯನ್ನು ಅವಳು ಒಯ್ಯಲಿಲ್ಲ. “ಅಮ್ಮನ ವರ್ಷದ ಕಾರ್ಯಕ್ಕೆ ಬಂದು ನೀವೇ ಓದಿ. ಅಪ್ಪ ಇರ್ತಾರೆ, ಮೇಷ್ಟ್ರಿಗೂ ಹೇಳ್ಕಳಿಸ್ತೀನಿ” ಎಂದು ಎದ್ದು ಹೋದಳು. ಆಮೇಲೆ ಫೋನು ಎತ್ತಿಲ್ಲ.

ಮುಂದಿನ ತಿಂಗಳು ಅಜ್ಜಂಪುರಕ್ಕೆ ಬರುತ್ತೇನೆ. ನಾನು ಓದಿ ಮುಗಿಸುವ ಹೊತ್ತಿಗೆ ಎಲ್ಲರ ಕಣ್ಣಲ್ಲಿ ನೀನು ಇನ್ನಷ್ಟು ಮೇಲೆ ಹೋಗಿರುತ್ತೀಯ, ನಾನು ಎಲ್ಲಿರುತ್ತೇನೆಂದು ನನಗೆ ಗೊತ್ತು. ಅದನ್ನು ನೆನೆದರೆ ಈಗಲೂ ಉರಿಯುತ್ತದೆ. ಉರಿಯಲಿ. ‘ಮುಟ್ಟಿದಳು’ ಎನ್ನುವಾಗ ದನಿ ತಗ್ಗಿಸುವುದಿಲ್ಲ.

ನಿನ್ನ
ವೀಣಾ